ಹಳ್ಳಿ ಮಂದಿಗೆ ಹೇಳುವ ಮಾತು

ಕಟಕೋಳ
ಕಾರ್ತಿಕ ಮಾಸ, ೧೯೭೪

ರಘೋತ್ತಮರಾಯರಿಗೆ ಲೀಲಾಬಾಯಿ ಬರೆಯುವುದು.

ನಿಮ್ಮ ಪತ್ರ ಬಂತು. ಎರಡನೆಯ ಮದುವೆ ನಿಶ್ಚಯವಾಗಿದೆ, ಮಗಳನ್ನು ರಾಮದುರ್ಗಕ್ಕೆ ಕಳಿಸಿಕೊಡಿ ಎಂದಿದ್ದೀರಿ. ನನ್ನ ತಂಗಿ ಸುಂದರಾಳ ಸಾವಿಗೆ ಒಂದೇ ಮಾತು: ದೈವೇಚ್ಛೆ. ಅದನ್ನು ಓದಿದ ಮೇಲೆ ನಿಮ್ಮ ಕ್ಷೇಮ ಕೇಳುವ ಮನಸ್ಸಾಗಲಿಲ್ಲ.

ಹೋದ ವರ್ಷ ಆರೋಗ್ಯ ಪ್ರಚಾರದ ಜೀಪಿನಲ್ಲಿ ನೀವು ನಮ್ಮೂರಿಗೆ ಬಂದಿರಿ. ನಾನು ಕಲಿಸುವ ಸಾಲೆಯ ಅಂಗಳದಲ್ಲೇ ಪರದೆ ಕಟ್ಟಿಸಿ ಬಸುರಿಯ ಚಿತ್ರ ತೋರಿಸಿದಿರಿ. ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದವಳು ನಾನು. ಮುಂದೆ ಕೂತಿದ್ದ ಚನ್ನವ್ವ ಕೇಳಿದಳು: "ಕಾಲು ಬಾತರ ಏನ ಮಾಡಬೇಕ್ರಿ ಸಾಹೇಬ್ರ?" ನೀವು ಮೈಕಿನಲ್ಲಿ ಖಡಕ್ಕಾಗಿ ಹೇಳಿದಿರಿ: "ಕಾಲು, ಮಾರಿ ಬಾತು, ತಲಿ ಸಿಡೀಲಿಕ್ಕೆ ಹತ್ತಿದ್ರ ತಡಾ ಮಾಡಬ್ಯಾಡ್ರಿ. ದವಾಖಾನಿಗೆ ಕರಕೊಂಡು ಹೋಗ್ರಿ. ಅತ್ತಿ ಬ್ಯಾಡಂದ್ರೂ ಕೇಳಬ್ಯಾಡ್ರಿ." ಹೆಂಗಸರೆಲ್ಲ ನಕ್ಕರು. ಬಸುರಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಚನ್ನವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಇವರು ನಮ್ಮ ಸುಂದರಾಳ ಗಂಡ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮರುವಾರ ರಾಮದುರ್ಗಕ್ಕೆ ನಿಮ್ಮ ಮನೆಗೆ ಬಂದರೆ ಬಸುರಿಯಾಗಿದ್ದ ನನ್ನ ತಂಗಿಯ ಮುಖ ಗುರುತು ಸಿಗಲಿಲ್ಲ. ಬಳೆಗಳು ಕೈಯಲ್ಲಿ ಹೂತುಹೋಗಿದ್ದವು. "ಅಕ್ಕಾ, ಕಣ್ಣು ಮಂಜ ಆಗ್ಯಾವ" ಎಂದಳು. ನೀವು ಊಟಕ್ಕೆ ಕೂತಿದ್ದಿರಿ. ನಿಮ್ಮ ಮಾತನ್ನೇ ನಿಮಗೆ ನೆನಪಿಸಿದೆ. ತಲೆ ಎತ್ತದೆ ನೀವು ಅಂದಿರಿ: "ಅದು ಹಳ್ಳಿ ಮಂದಿಗೆ ಹೇಳೂ ಮಾತು, ಲೀಲಾಬಾಯಿ. ಇಲ್ಲೆ ನೋಡ್ಕೊಳ್ಳಿಕ್ಕೆ ನಮ್ಮ ಅವ್ವ ಇದ್ದಾಳ." ಒಳಗಿನಿಂದ ನಿಮ್ಮ ತಾಯಿ ಭಾಗೀರಥಿಬಾಯಿಯವರು, "ದವಾಖಾನ್ಯಾಗ ಪರಗಂಡಸು ಮುಟ್ಟಿದ ಸೊಸಿ ಕೈಲೆ ನಾ ನೀರು ಕುಡಿಯೂದಿಲ್ಲ" ಎಂದರು. ನೀವು ಮಜ್ಜಿಗೆ ಬಡಿಸಿಕೊಂಡಿರಿ.

ಸುಂದರಾ ಹಿತ್ತಲಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡ ದಿನ ನೀವು ಬೈಲಹೊಂಗಲದಲ್ಲಿ ಅದೇ ಭಾಷಣ ಮಾಡುತ್ತಿದ್ದಿರಿ. ಗಾಳಿ ಸೋಕಿದೆ ಎಂದು ನಿಮ್ಮ ತಾಯಿ ಹಣೆಗೆ ದೇವರ ಅಂಗಾರ ಹಚ್ಚಿಸಿದರು. ಕೊನೆಗೆ ಓಣಿಯವರೇ ಟಾಂಗಾದಲ್ಲಿ ದವಾಖಾನೆಗೆ ಒಯ್ದರು. ಕೂಸು ಬದುಕಿತು, ಅವಳು ಬದುಕಲಿಲ್ಲ. ಇನ್ನಷ್ಟು ಮೊದಲು ತರಬೇಕಿತ್ತು ಎಂದು ಡಾಕ್ಟರರು ಹೇಳಿದ್ದು, ಸುದ್ದಿ ಕೇಳಿ ಓಡಿಬಂದ ನನಗೆ. ನೀವು ಇನ್ನೂ ದಾರಿಯಲ್ಲಿದ್ದಿರಿ.

ದಿನಕರ್ಮ ಮುಗಿದ ಮೇಲೆ ಚನ್ನವ್ವ ನಿಮ್ಮ ಬಾಗಿಲಿಗೆ ಬಂದಳಲ್ಲ, ಅದನ್ನು ಮರೆತಿದ್ದೀರಾ? ಕೈಯಲ್ಲಿ ಬೆಣ್ಣೆಯ ಗಡಿಗೆ, ಹಿಂದೆ ಕೂಸನ್ನೆತ್ತಿಕೊಂಡ ಸೊಸೆ ಶೆಟ್ಟೆವ್ವ. "ಸಾಹೇಬ್ರ ಮಾತು ಕೇಳಿ ಇಕಿನ್ನ ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಹೋದ್ನಿ. ತಾಯಿ ಕೂಸು ಎರಡೂ ಉಳದ್ವು. ನಿಮ್ಮ ಮನಿ ಬಾಯಾರ್ನ ಕರೀರಿ, ಅರಿಷಿಣ ಕುಂಕುಮ ಹಚ್ಚತೇನಿ" ಎಂದಳು. ನೀವು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಆ ಮುದುಕಿಗೆ ಉತ್ತರ ಹೇಳಬೇಕಾದವಳು ನಾನಾದೆ. ಹೇಳುವಾಗ ನನ್ನ ಮಡಿಲಲ್ಲಿ ನಿಮ್ಮ ಮಗಳು ಹಸಿದು ಅಳುತ್ತಿದ್ದಳು. ಶೆಟ್ಟೆವ್ವ ಏನೂ ಕೇಳದೆ ಅವಳನ್ನು ಎತ್ತಿಕೊಂಡು ಮೊಲೆಗೆ ಹಾಕಿಕೊಂಡಳು. ಮಡಿ ಮೈಲಿಗೆ ಎನ್ನುವ ಧೈರ್ಯ ಅವತ್ತು ನಿಮ್ಮ ತಾಯಿಗೂ ಬರಲಿಲ್ಲ.

ಆದ್ದರಿಂದ ದೈವದ ಮೇಲೆ ಹಾಕಬೇಡಿ. ನಿಮಗೆ ತಿಳಿಯದೆ ಅವಳು ಸತ್ತಿದ್ದರೆ ನಾನು ನಿಮ್ಮ ಜೊತೆ ಕೂತು ಅಳುತ್ತಿದ್ದೆ. ನಿಮಗೆ ಎಲ್ಲ ತಿಳಿದಿತ್ತು.

ಕೂಸು ಬರುವುದಿಲ್ಲ. ಕೋರ್ಟಿಗೆ ಹೋಗುವಿರಾದರೆ ಹೋಗಿ. ಸಾಕ್ಷಿ ಹೇಳಲು ಚನ್ನವ್ವ ತಯಾರಿದ್ದಾಳೆ.

ಇನ್ನು ನಿಮ್ಮ ಮನೆಗೆ ಬರಲಿರುವ ಹುಡುಗಿಯ ಮಾತು. ಅವಳ ತವರು ಚಚಡಿ ಎಂದು ಕೇಳಿದ್ದೇನೆ. ಮುಂದಿನ ವಾರ ಅಲ್ಲಿಗೆ ಹೋಗಿ ಅವಳ ತಾಯಿಗೆ ಇದಿಷ್ಟನ್ನೂ ಹೇಳುತ್ತೇನೆ. ಆಮೇಲೂ ಮದುವೆಯಾದರೆ, ಅವಳು ಬಸುರಾದ ಸುದ್ದಿ ಕೇಳಿದ ದಿನವೇ ಟಾಂಗಾ ತಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ. ನಿಮ್ಮ ಅಪ್ಪಣೆ ಕೇಳುವುದಿಲ್ಲ.

ನಿಮಗೆ ಹರಸಲು ನನ್ನಲ್ಲಿ ಏನೂ ಉಳಿದಿಲ್ಲ. ಆ ಹುಡುಗಿ ಮಾತ್ರ ನೂರು ವರ್ಷ ಬಾಳಲಿ.

ಸುಂದರಾಳ ಅಕ್ಕ,
ಲೀಲಾಬಾಯಿ