ಸವತಿಯೂ ಪುಟಾಣಿ ಕಾರೂ

ಭಾನುವಾರ, ತಿಂಡಿಯಾದ ಮೇಲೆ

ನನ್ನ ಪುಟ್ಟೀ,

ನೀನು ಗೇಟಿನ ಮುಂದೆ ನಿನ್ನ ಪುಟಾಣಿ ಕಾರು ನಿಲ್ಲಿಸಿ, ಕೀಲಿ ನನ್ನ ಕೈಗಿಟ್ಟು, ಅಪ್ಪನ ಮುಖವನ್ನೂ ನೋಡದೆ ಬಸ್ಸು ಹತ್ತಿದೆ. ನೀನು ಗಂಡನನ್ನು ಬಿಟ್ಟ ದಿನ ಅಪ್ಪ ಫೋನಿನಲ್ಲಿ ಆಡಿದ ಮಾತಿನ ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡೆ. ಶೆಡ್ಡಿನಲ್ಲಿ ಒಂದಕ್ಕೇ ಜಾಗ, ಅಪ್ಪನ ಹಳೇ ಕಾರನ್ನು ಮಾರಿಬಿಡಿ ಎಂದಿದ್ದೆಯಲ್ಲ, ಎರಡನ್ನೂ ತೂಗಿ ನೋಡಿದೆ. ಬದನೆಕಾಯಿ ಆರಿಸುವಾಗಲೂ ನಾನು ಇಷ್ಟು ತಿರುಗಿಸಿ ನೋಡಿದವಳಲ್ಲ.

ಹಳೆಯದು ನನ್ನ ಸವತಿ, ನನಗಿಂತ ಮೊದಲೇ ಮನೆ ಸೇರಿದವಳು. ಬಾಗಿಲು ಹಾಕಿದರೆ ಬೀರು ಮುಚ್ಚಿದ ಸದ್ದು. ಗಾಜು ಇಳಿಸಲು ಹಿಡಿ ತಿರುಗಿಸಿ ತಿರುಗಿಸಿ ತೋಳು ನೋಯುತ್ತದೆ. ಬಂಪರಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ನಿನ್ನದರ ಬಂಪರ್ ತಟ್ಟಿದರೆ ಖಾಲಿ ಬಕೆಟ್ ತಟ್ಟಿದ ಹಾಗಿದೆ. ಆದರೆ ನಮ್ಮ ಓಣಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ, ಹಿಂದೆ ಏನಿದೆ ಎಂದು ತಾನೇ ತೋರಿಸುತ್ತದೆ, ಬೆಲ್ಟು ಹಾಕದಿದ್ದರೆ ನಿನ್ನ ಅಜ್ಜಿಯ ಹಾಗೆ ಗೊಣಗುತ್ತದೆ. ನನಗಂತೂ ಹಿಡಿಸಿತು.

ಅಪ್ಪನಿಗೆ ಸೇರಲಿಲ್ಲ. ಕೇಳಿದರೆ, ಅದಕ್ಕೆ ಜೀವಾನೇ ಇಲ್ಲ ಕಣೇ ಎನ್ನುವುದೊಂದೇ. ಹಾಗೆಂದರೇನು ಎಂಬ ಹುಳ ನನ್ನ ತಲೆ ಹೊಕ್ಕಿತು. ಮೊನ್ನೆ ಒತ್ತಾಯ ಮಾಡಿ ಕೂರಿಸಿದೆ. ಗುಂಡಿ ಒತ್ತಿದರು, ಕಾರು ಶುರುವಾಯಿತು, ನನಗೆ ಕೇಳಿಸಿತು. ಅವರು ಮತ್ತೆ ಒತ್ತಿದರು, ನಿಂತಿತು. ಮತ್ತೆ ಒತ್ತಿ, ಶುರುವಾಗಲೇ ಇಲ್ಲವೆಂದು ಬೈಯುತ್ತಾ ಇಳಿದು ಬಾನೆಟ್ ಎತ್ತಿದರು. ಇಂಜಿನ್ ಓಡುತ್ತಿತ್ತು. ಅದನ್ನು ನೋಡಿ, ನನ್ನನ್ನು ನೋಡಿ, ಬಾನೆಟ್ ಮುಚ್ಚಿದರು.

ಆಮೇಲೆ ಸವತಿಯನ್ನು ಶುರು ಮಾಡಿ ಎಂದೆ. ಕೀಲಿ ತಿರುಗಿಸಿ, ಎಂದಿನಂತೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಅದು ಅವಳ ಮೇಲಿನ ಪ್ರೀತಿ ಎಂದು ಇಷ್ಟು ದಿನ ನಾನು ಉರಿದುಕೊಂಡಿದ್ದೆ. ಅಲ್ಲ ಪುಟ್ಟಿ, ಅದೇ ಅವರ ಕಿವಿ! ಹಿಂದಿನಿಂದ ಹಾರನ್ ಬಂದಾಗ ನಾನು ಅವರ ಮೊಣಕಾಲು ತಟ್ಟುತ್ತೇನೆ, ನೀನು ಅಣಕಿಸುತ್ತಿದ್ದೆಯಲ್ಲ? ಆ ತಟ್ಟಿಗೇ ಅವರು ಪಕ್ಕಕ್ಕೆ ಸರಿಯುತ್ತಿದ್ದದ್ದು. ಮನೆಯಲ್ಲಂತೂ ನನ್ನದು ಮೊದಲೇ ಕಂಚಿನ ಕಂಠ. ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದು ಕೇಳಿದೆ. ನೀನು ಪಕ್ಕದಲ್ಲೇ ಇದ್ಯಲ್ಲ, ಗೊತ್ತೇ ಆಗ್ಲಿಲ್ಲ ಎಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಹಾಗಾಗಿ ಶೆಡ್ಡು ಪುಟಾಣಿಗೆ. ಇನ್ನು ಓಡಿಸುವವಳು ನಾನು, ಡ್ರೈವಿಂಗ್ ಕಲಿಯಲು ಸೇರಿದ್ದೇನೆ, ನಗಬೇಡ. ಸವತಿ ಅಂಗಳದಲ್ಲಿ ಹೊದ್ದು ಮಲಗಲಿ. ದಿನಕ್ಕೊಮ್ಮೆ ಶುರು ಮಾಡಿ ಅವರು ಅಂಗೈ ಇಟ್ಟುಕೊಳ್ಳಲಿ. ನನಗೇನೂ ಹೊಟ್ಟೆಯುರಿ ಇಲ್ಲ.

ನಿನ್ನ,
ಅಮ್ಮ

ಮರೆತಿದ್ದೆ ಎಂದರೆ ಸುಳ್ಳು, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ: ಗಂಡನನ್ನು ಬಿಟ್ಟೆ ಎಂದು ನೀನು ಫೋನಿನಲ್ಲಿ ಅತ್ತಾಗ, ಅಪ್ಪ ಒಳ್ಳೇದು ಒಳ್ಳೇದು, ಅಮ್ಮಂಗೆ ಕೊಡ್ತೀನಿ ಎಂದರಲ್ಲ, ಅದರ ಬಗ್ಗೆ ನಿನ್ನೆ ಕೇಳಿದೆ. ಅವಳು ನನಗೆ ಹೇಳ್ಲೇ ಇಲ್ವಲ್ಲ, ನಿನಗಷ್ಟೇ ಹೇಳಿದ್ದು ಎಂದರು. ಅಂದಿನಿಂದ ಅವರೂ ನಿನ್ನ ಮೇಲೆ ಮುನಿಸಿಕೊಂಡೇ ಇದ್ದಾರೆ. ಫೋನ್ ಮಾಡಬೇಡ, ಬಾ. ಪಕ್ಕದಲ್ಲಿ ಕೂತು ಮೊದಲು ಮೊಣಕಾಲು ತಟ್ಟು. ಆಮೇಲೆ ಹೇಳು.