ಬಾಗಿಲಲ್ಲಿದ್ದ ನಿಮ್ಮ ದನಿ

ಬೆಟಗೇರಿ
೯ ಜುಲೈ ೨೦೨೫

ಸುಭಾಸ ಅವರಿಗೆ ನಾಗರತ್ನಾಳ ನಮಸ್ಕಾರ.

ಮೊದಲೆಲ್ಲ ನಿಮಗೆ ಕಾಗದ ಬರೆಯುವಾಗ ಹೆಸರು ಹಾಕುತ್ತಿರಲಿಲ್ಲ. ಈಗ ಹಾಕಿದ್ದೇನೆ. ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಅತ್ತೆಗೆ ಮಣ್ಣು ಕೊಟ್ಟ ದಿನ ನೀವು ಮುಂಡರಗಿಯಿಂದ ಬಂದಿರಿ. ಜನ ಕೈಕಾಲು ತೊಳೆದುಕೊಂಡು ಹೊರಟಾಗ ನೀರಿನ ಹಂಡೆಯ ಹತ್ತಿರ ನಿಂತು ನನ್ನನ್ನು ಒಂದೇ ಮಾತು ಕೇಳಿದಿರಿ: “ಕಡೀಕ ಅವ್ವ ನನ್ನ ನೆನಸಿದ್ಲೇನು?” ನಾನು “ಹೂಂ ರಿ, ನೆನಸಿದ್ರು” ಅಂದೆ. ನೀವು ಮುಖ ಆಚೆ ತಿರುಗಿಸಿ ಅತ್ತಿರಿ. ಐದು ವರ್ಷದ ಹಿಂದೆ ಈ ಮನೆ ಬಿಟ್ಟು ಹೋದಾಗಲೂ ನೀವು ಅತ್ತಿರಲಿಲ್ಲ.

ನಾನು ಹೇಳಿದ್ದು ಸುಳ್ಳು. ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಹನ್ನೆರಡು ದಿನ ಅದನ್ನು ಹಾಗೇ ಬಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ.

ನೀವು ಹೋದ ಮೇಲೆ ಅತ್ತೆ ನನ್ನ ಹತ್ತಿರವೇ ಉಳಿದದ್ದು ನಿಮಗೆ ಗೊತ್ತು. ಆಗಿನ್ನೂ ತಲೆ ಸರಿಯಾಗಿತ್ತು. ಖಾನಾವಳಿಗೆ ದಿನಾ ನೂರು ರೊಟ್ಟಿ ಬಡಿದುಕೊಡುತ್ತಿದ್ದರು, ನಾನು ಜಂಪರ ಹೊಲಿಯುತ್ತಿದ್ದೆ. ಆಮೇಲೆ ಹಿಟ್ಟಿಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು. ಹೆಂಚು ಒಲೆಯ ಮೇಲೆ ಕೆಂಪಗಾಗುವ ತನಕ ಮರೆಯುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ದಾರ ತರಲು ಹೋಗಿ ಬರುವುದರಲ್ಲಿ ಮನೆ ಖಾಲಿ. ಲಕ್ಷ್ಮೇಶ್ವರದ ಬಸ್ಸು ಹತ್ತಿ ಅಡರಕಟ್ಟಿಗೆ ಹೋಗಿಬಿಟ್ಟಿದ್ದರು. ಅವರ ತವರುಮನೆ ಮಾರಿ ಮೂವತ್ತು ವರ್ಷವಾಗಿದೆ. ಆ ಮನೆಯ ಕಟ್ಟೆಯ ಮೇಲೆ ಕೂತು, ಅವ್ವನನ್ನು ಕರೆಯಿರಿ ಎಂದು ಹಟ ಹಿಡಿದಿದ್ದರಂತೆ. ಈಗ ಅಲ್ಲಿರುವವರು ಚಹಾ ಕುಡಿಸಿ, ಅವರ ಚೀಲದಲ್ಲಿದ್ದ ನಂಬರಿಗೆ ಫೋನು ಮಾಡಿದರು.

ಡಾಕ್ಟರು ಇದು ಮರೆವಿನ ರೋಗ, ಹಿಂದಕ್ಕೆ ತಿರುಗುವುದಲ್ಲ ಎಂದರು. ಇಂಥ ರೋಗಿಗಳ ಮನೆಗೆ ಹೋಗಿ ಸಹಾಯ ಮಾಡುವ ಹುಡುಗಿ ಸಾಯಿಮಾ ಆಗ ನಮ್ಮ ಮನೆಗೆ ಬರತೊಡಗಿದಳು. ಗ್ಯಾಸಿಗೆ ಒಂದು ಗುಂಡಿ ಕೂಡಿಸಿದಳು. ಹಚ್ಚಿ ಮರೆತರೆ ಒಲೆ ತಾನೇ ಆರುತ್ತಿತ್ತು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಗುಳಿಗೆ ಡಬ್ಬಿ ತಂದಳು. ತಲೆಬಾಗಿಲ ಚೌಕಟ್ಟಿಗೆ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಅಂಟಿಸಿದಳು. ಬಾಗಿಲು ತೆರೆದರೆ ಅದು ಮಾತಾಡುತ್ತಿತ್ತು, ನಾವು ತುಂಬಿಟ್ಟ ಮಾತು.

ಮೊದಲು ನನ್ನ ದನಿ ಇಟ್ಟೆವು. ಅತ್ತೆ ಸಿಟ್ಟಿಗೆದ್ದರು. “ಯಾರಾಕಿ ನನಗ ಹೇಳಾಕ?” ಎಂದು ದಾಟಿಯೇ ಹೋದರು. ಸಾಯಿಮಾ ಕೇಳಿದಳು, “ಅಕ್ಕಾ, ಅಜ್ಜಿ ಯಾರ ಮಾತು ಮೀರೂದಿಲ್ಲ ಹೇಳ್ರಿ. ಅವರ ದನಿ ಇಡೂಣು.”

ಅದಕ್ಕೇ ಅಂದು ನಿಮಗೆ ಫೋನು ಮಾಡಿದೆ, ಮೂರು ವರ್ಷದ ಮೇಲೆ. ನಿಮ್ಮ ಕಕ್ಕನ ಮಗ ವೀರುವಿನ ಫೋನಿಗೆ ಮರುದಿನ ನಿಮ್ಮ ಮಾತು ಬಂತು: “ಯವ್ವಾ, ಹೊರಗ ಹೋಗಬ್ಯಾಡ. ಒಳಗ ಕುಂಡ್ರು. ನಾ ಈಗ ಬರ್ತೀನಿ.” ಅದರ ಕೊನೆಗೆ ನೀವು ಗಮನಿಸದ ಇನ್ನೊಂದು ದನಿ ಇತ್ತು. ಹಿಂದಿನಿಂದ ಒಂದು ಕೂಸು “ಪಪ್ಪಾ, ಪಪ್ಪಾ” ಅಂದಿತ್ತು.

ನಿಮಗೆ ಮಗುವಾದದ್ದು ನನಗೆ ಗೊತ್ತಾದದ್ದು ಹಾಗೆ. ವೀರು ನೆಲ ನೋಡುತ್ತಾ “ವೈನಿ, ಅದನ್ನ ಕತ್ತರಿಸಿ ಹಾಕಸ್ತೀನಿ” ಅಂದ. ನಾನೇ ಬೇಡವೆಂದೆ. ಯಾಕೆಂದರೆ ಅಷ್ಟರಲ್ಲಿ ಅತ್ತೆ ಅದನ್ನು ಕೇಳಿಬಿಟ್ಟಿದ್ದರು. ಅವರ ಮುಖ ಅರಳಿದ್ದು ನೋಡಿ ಎಷ್ಟೋ ದಿನವಾಗಿತ್ತು. “ಕೂಸು ಕರ್ಯಾಕತ್ತೈತಿ, ಯಾರ ಕೂಸದು?” ಎಂದು ನನ್ನನ್ನೇ ಕೇಳಿದರು. ನಮಗಂತೂ ಹನ್ನೊಂದು ವರ್ಷ ಆ ಭಾಗ್ಯ ಬರಲಿಲ್ಲ. “ನಿಮ್ಮ ಮೊಮ್ಮಗ ಅತ್ತೀ” ಅಂದೆ. ಗಂಡೋ ಹೆಣ್ಣೋ ನನಗೆ ಗೊತ್ತಿರಲಿಲ್ಲ.

ಡಬ್ಬಿ ಕೆಲಸ ಮಾಡಿತು. ಅತ್ತೆ ಬಾಗಿಲು ತೆರೆಯುವುದು, ನಿಮ್ಮ ದನಿ ಕೇಳುವುದು, ಹಿಂದೆ ಸರಿದು ಹೊಸ್ತಿಲ ಒಳಗೆ ಕೂಡುವುದು. ನಾನು ಹೊಲಿಯುತ್ತಾ ಕೂತಲ್ಲೇ ದಿನಕ್ಕೆ ಹತ್ತು ಸಲ ನಿಮ್ಮನ್ನು ಕೇಳುತ್ತಿದ್ದೆ. ಮೊದಮೊದಲು ಪ್ರತಿ ಸಲವೂ ಮಷಿನ್ನಿನ ಮೇಲಿನ ಕಾಲು ನಿಲ್ಲುತ್ತಿತ್ತು.

ಆದರೆ ನೀವು “ಈಗ ಬರ್ತೀನಿ” ಅಂದಿದ್ದಿರಿ. ಅವರು ಅದನ್ನು ನಂಬಿದರು. ತಾಟು ಮುಂದಿಟ್ಟರೆ ಸರಿಸುತ್ತಿದ್ದರು. “ಸುಭಾಸ ಬರ್ತೀನಂದಾನ. ಅಂವಾ ಬಂದ ಮ್ಯಾಲ ಕೂಡೇ ಉಣ್ತೀವಿ. ನೀ ಉಣ್ಣವ್ವಾ.” ಸಂಜೆಗೆ ರೊಟ್ಟಿ ಒಣಗಿ ಮುರಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಕೈಯ ಬಳೆಗಳು ಮೊಣಕೈಗೆ ಸರಿಯತೊಡಗಿದವು.

ಅದನ್ನೆಲ್ಲ ನಿಮಗೆ ಫೋನಿನಲ್ಲಿ ಹೇಳಿದೆ. ಅರ್ಧ ತಾಸು ಬಂದು ಅವರೊಂದಿಗೆ ಕೂತು ಉಂಡು ಹೋಗಿ ಎಂದೆ. ಈ ವಾರ ಆಗುವುದಿಲ್ಲ ಅಂದಿರಿ. ಮುಂದಿನ ವಾರ ನಾನು ಕೇಳಲಿಲ್ಲ. ಕೇಳಬೇಕಿತ್ತು. ಸೆಟೆದುಕೊಂಡು ಕೂತೆ.

ಇನ್ನೊಂದು ತಪ್ಪು ನನ್ನದು. ಆ ಮಾತನ್ನು ಬದಲಿಸಲು ಸಾಯಿಮಾ ಸಿದ್ಧಳಿದ್ದಳು. “ಬರ್ತೀನಿ ಅನ್ನೂದನ್ನ ತಗಿಯೂಣ ಅಕ್ಕಾ” ಎಂದು ಎರಡು ಸಲ ಹೇಳಿದಳು. ನೋಡೋಣ, ನೋಡೋಣ ಅನ್ನುತ್ತಾ ನಾನು ದಿನ ದೂಡಿದೆ. ಆ ಮಾತು ಇಲ್ಲದಿದ್ದರೆ ಅವರು ಕೂಡುತ್ತಿರಲಿಲ್ಲ, ರಸ್ತೆಗೆ ಹೋಗುತ್ತಿದ್ದರು. ನನಗೆ ಮದುವೆ ಸೀಸನ್ನಿನ ಹೊಲಿಗೆ ರಾಶಿ ಬಿದ್ದಿತ್ತು. ನಿಮ್ಮ ಸುಳ್ಳಿನಿಂದ ಅವರನ್ನು ಹೊಸ್ತಿಲಿಗೆ ಕಟ್ಟಿಹಾಕಿ ನಾನು ಜಂಪರ ಹೊಲಿದೆ. ನಿಮ್ಮನ್ನೊಬ್ಬರನ್ನೇ ಬೈಯುವ ಬಾಯಿ ನನಗಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಒಂದು ಬೆಳಗ್ಗೆ ಬಾಗಿಲು ತೆರೆದರು. ನಿಮ್ಮ ದನಿ ಬಂತು. ಅವರು ಚೀರಿಕೊಂಡು ಓಡಿಬಂದು ನನ್ನ ಸೆರಗಿನ ಹಿಂದೆ ಅಡಗಿದರು. “ಯಾರೋ ಗಂಡಸು ಮನಿಯಾಗ ಬಂದಾನ. ಹೊರಗ ಕಳಸ ಅವನ್ನ.” ನಾನು ನಿಮ್ಮ ಫೋಟೋ ತಂದು ತೋರಿಸಿದೆ, ನೀವು ಡಿಗ್ರಿ ಮುಗಿಸಿದಾಗಿನದು. ಬಹಳ ಹೊತ್ತು ನೋಡಿ, “ಚಲೋ ಅದಾನ ಹುಡುಗ. ಯಾರ ಪೈಕಿ?” ಅಂದರು. ಹೇಳಿದೆ. ಮತ್ತೂ ಹೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿ ನಕ್ಕರು.

ಅಂದೇ ಡಬ್ಬಿಯ ಸೆಲ್ಲು ತೆಗೆದೆ. ಆಮೇಲೆ ಕೊನೆಯ ತನಕ ಅವರ ಬಾಯಲ್ಲಿ ನಿಮ್ಮ ಹೆಸರು ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ. ನನ್ನನ್ನು “ಯವ್ವಾ” ಎಂದು ಕರೆಯುತ್ತಿದ್ದರು.

ಆದರೆ ಕೂಸನ್ನು ಮರೆಯಲಿಲ್ಲ. ದೀಪಾವಳಿಯ ಬೆನ್ನಿಗೇ ಹಾಸಿಗೆ ಹಿಡಿದ ಮೇಲೆ ದಿನವಿಡೀ ಅದೊಂದೇ: “ಕೂಸು ಎಲ್ಲಿ? ಯಾಕ ಕರ್ಯಾಕತ್ತಿಲ್ಲ?” ಸಾಯಿಮಾ ನಿಮ್ಮ ಮಾತನ್ನೆಲ್ಲ ಕತ್ತರಿಸಿ ಕೂಸಿನ ದನಿಯಷ್ಟನ್ನೇ ಒಂದು ದೊಡ್ಡ ಗುಂಡಿಯ ಡಬ್ಬಿಗೆ ಹಾಕಿ ಅವರ ಅಂಗೈಯಲ್ಲಿಟ್ಟಳು. ಬೆರಳು ಸೋತಾಗ ನಾನು ಒತ್ತುತ್ತಿದ್ದೆ. “ಪಪ್ಪಾ, ಪಪ್ಪಾ.” ಅವರು “ಬಂದೆ ನನ್ನಪ್ಪಾ, ಬಂದೆ” ಅನ್ನುತ್ತಿದ್ದರು. ಆ ಹೊತ್ತಿಗಷ್ಟೇ ಎರಡು ತುತ್ತು ಗಂಜಿ ಇಳಿಯುತ್ತಿತ್ತು.

ಅವರು ತೀರಿಹೋದ ದಿನ ಬೆಳಗ್ಗೆಯೂ ಒತ್ತಿದೆ. ಕಣ್ಣು ತೆರೆಯದೆ ಹೇಳಿದರು, “ಹಸದೈತಿ ಅದು. ಮದಲ ಅದಕ್ಕ ಕೊಡು.” ನಾನು ತಂದ ಚಮಚ ಕೈಯಲ್ಲೇ ಉಳಿಯಿತು. ಮತ್ತೆ ಮಾತಾಡಲಿಲ್ಲ.

ನೀವು ಕೇಳಿದ್ದಕ್ಕೆ ಇದು ಉತ್ತರ. ನಿಮ್ಮನ್ನು ನೋಯಿಸಬೇಕೆಂದು ಬರೆದಿಲ್ಲ ಎಂದರೆ ಅದೂ ಪೂರ್ತಿ ಖರೆಯಲ್ಲ. ಸ್ವಲ್ಪ ನೋಯಲಿ ಎಂದೇ ಬರೆದಿದ್ದೇನೆ. ಆದರೆ ನಿಮ್ಮ ಮಗು ತಾನು ಕಾಣದ ಅಜ್ಜಿಗೆ ಎಂಟು ತಿಂಗಳು ಅನ್ನ ಉಣ್ಣಿಸಿದೆ. ದೊಡ್ಡದಾದ ಮೇಲೆ ಅದಕ್ಕೆ ಇದನ್ನು ಹೇಳಿ. ಅದರ ಹೆಸರೇನೆಂದು ನನಗೆ ಬರೆದು ತಿಳಿಸುವ ಅವಶ್ಯಕತೆ ಇಲ್ಲ.

ನಿನ್ನೆ ಸಾಯಿಮಾ ಬಂದು ಸಾಮಾನನ್ನೆಲ್ಲ ಒಯ್ದಳು. ಶಿರಹಟ್ಟಿಯ ಒಂದು ಮನೆಯಲ್ಲಿ ಬೇಕಂತೆ.

ಇಂತಿ,
ನಾಗರತ್ನಾ

ತಾ.ಕ.: ನಮ್ಮ ಮದುವೆ ಬಿಡಿಸುವ ಸೋಡಚೀಟಿಯ ಕಾಗದಕ್ಕೆ ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ವೀರು ಎರಡು ಸಲ ತಂದಾಗ ನಾನು ಹಟಕ್ಕೆ ಹಾಕಲಿಲ್ಲವೆಂದು ನೀವು ತಿಳಿದಿರಿ. ಹಟ ಇರಲಿಲ್ಲ. ಅಂದು ಸಹಿ ಹಾಕಿದ್ದರೆ, ಮರುದಿನ ಅತ್ತೆ ನನಗೆ ಏನಾಗುತ್ತಿದ್ದರು?