ಡಿಕ್ಕಿಯಲ್ಲಿದ್ದ ಹೊಯಿಗೆ ಮೂಟೆ

ಆಲಂಕಾರು

ಅಳಿಯ ದಿಶಾಂತನಿಗೆ ನಿನ್ನ ಸೋದರಮಾವ ಬರೆದದ್ದು.

ನಾನು ಬೈದ ಮೇಲೆ ನೀನು ಫೋನ್ ಎತ್ತುವುದಿಲ್ಲ. ಪತ್ರವನ್ನಾದರೂ ಓದು.

ಜೀಪು ಮಾರಿಸಿ ನೀನು ಕೊಡಿಸಿದ ಕಾರು ಮಳೆಗೆ ನಮ್ಮ ಮನೆಯ ಏರು ಹತ್ತುತ್ತಿರಲಿಲ್ಲ. ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿಣಕ್ ಮಿಣಕ್ ಎನ್ನುತ್ತಿತ್ತು, ಅಡಿಯಲ್ಲಿ ಕರಕರ ಶಬ್ದ. "ಹಾಳಾದದ್ದಲ್ಲ ಮಾವ, ಚಕ್ರ ಜಾರುವಾಗ ಕಾರೇ ಬ್ರೇಕ್ ಹಿಡಿಯುದು" ಎಂದು ನೀನು ಹೇಳಿದ್ದಕ್ಕೇ ನನಗೆ ಸಿಟ್ಟು ಬಂದದ್ದು.

ಜೀಪಿಗೆ ಮಳೆಗಾಲದಲ್ಲಿ ಹಿಂದೆ ಭಾರ ಹಾಕುವುದು ನನ್ನ ಕ್ರಮ. ಕಾರಿನ ಡಿಕ್ಕಿಯಲ್ಲೂ ಎರಡು ಮೂಟೆ ಹೊಯಿಗೆ, ಹೊಳೆಯ ಮರಳು, ಇಟ್ಟಿದ್ದೆ. ಮೊನ್ನೆ ನಿನ್ನ ಅತ್ತೆ ಅದನ್ನು ಹೂವಿನ ಚಟ್ಟಿಗೆಂದು ಇಳಿಸಿದಳು. ಮರುದಿನ ಜೋರು ಮಳೆಗೂ ದೀಪ ಒಮ್ಮೆ ಮಾತ್ರ ಮಿಣುಕಿತು, ಕಾರು ಸಲೀಸಾಗಿ ಏರು ಹತ್ತಿತು.

"ಇದನ್ನು ಎಳೆಯುದು ಜೀಪಿನ ಹಾಗೆ ಹಿಂದಿನ ಚಕ್ರ ಅಲ್ಲ, ಮುಂದಿನದ್ದು, ಭಾರ ಮುಂದೆ ಬೇಕು ಅಂತ ದಿಶಾಂತ ಹೇಳುವಾಗ ನಿಮ್ಮ ಕಿವಿ ಎಲ್ಲಿತ್ತು ಮಾರಾಯ್ರೆ?" ಎಂದು ಅವಳು ಆಚೆಮನೆಗೆ ಕೇಳುವ ಹಾಗೆ ನಗುತ್ತಾಳೆ. ಅದು ಬಿಡು.

ಆದಿತ್ಯವಾರ ಮನೆಯ ದೈವಕ್ಕೆ ತಂಬಿಲದ ಪೂಜೆ ಉಂಟು. ನಮ್ಮ ಕಟ್ಟಿನಲ್ಲಿ ಸೋದರಳಿಯ ಎದುರು ನಿಲ್ಲದೆ ಅದು ನಡೆಯುವುದಿಲ್ಲ. ರೈಲಿನಲ್ಲಿ ಕಬಕ ಪುತ್ತೂರಿಗೆ ಬಾ, ಕಾರು ತರುತ್ತೇನೆ. ಬೈದದ್ದರ ಮಾತು ಎತ್ತಬೇಡ. ಬ್ಯಾಗನ್ನು ಡಿಕ್ಕಿಗೂ ಹಾಕಬೇಡ. ಮಡಿಲಲ್ಲಿ ಇಟ್ಟುಕೊಂಡು ಮುಂದೆ ನನ್ನ ಪಕ್ಕ ಕುಳಿತುಕೋ. ಏರು ಉಂಟು.

ದುಗ್ಗಪ್ಪ